ಎಡಗಣ್ಣಿನ ರೆಪ್ಪೆ

"ಹದಿನೈದು ದಿನ ಕಾಯೋಣ. ಅಷ್ಟರಲ್ಲಿ ಕಣ್ಣಿನ ಗಾಯ ಮಾಯದಿದ್ದರೆ ರೆಪ್ಪೆ ಹೊಲಿದು ಮುಚ್ಚಿಬಿಡೋಣ," ಎಂದರು ಕಡೂರಿನ ಕಣ್ಣಿನ ಡಾಕ್ಟರು. ಅಂಗಿಯ ಕಿತ್ತುಹೋದ ಗುಂಡಿಯ ವಿಷಯ ಮಾತಾಡುವಷ್ಟು ಸಲೀಸಾಗಿ ಹೇಳಿ, ಚೀಟಿ ಬರೆಯಲು ಪೆನ್ನು ಹುಡುಕತೊಡಗಿದರು.

ಹೆದರಿಕೆಯಾದಾಗ ನನಗೆ ಮೊದಲು ಬರುವುದು ಸಿಟ್ಟು. ಹುಟ್ಟಿನಿಂದ ಬಂದ ಗುಣ, ಐವತ್ತಾರು ವರ್ಷವಾದರೂ ಹೋಗಿಲ್ಲ. "ಮನುಷ್ಯನ ರೆಪ್ಪೆ ಅಂದ್ರೆ ಗೋಣಿಚೀಲದ ಬಾಯಿ ಅನ್ಕೊಂಡ್ರೇನು ತಾಯಿ?" ಅಂದೆ. ಬಾಯಿಯ ಎಡಗಡೆ ತುಟಿಗಳು ಒಂದಕ್ಕೊಂದು ಸೇರದೆ, ಪಕಾರ ಬಕಾರ ಮಕಾರಗಳೆಲ್ಲ ಬರೀ ಗಾಳಿಯಾಗಿ ಹೋಗುತ್ತಿದ್ದ ಕಾಲ ಅದು. ನನ್ನ ಸಿಟ್ಟಿನ ಅರ್ಧಭಾಗ ಹಾಗೆಯೇ ಸೋರಿಹೋಯಿತು. ಡಾಕ್ಟರು ಬೇಸರ ಮಾಡಿಕೊಳ್ಳಲಿಲ್ಲ. ಹತ್ತಿಯ ಎಳೆಯೊಂದನ್ನು ಹೊಸೆದು, ನನ್ನ ಎಡಗಣ್ಣಿನ ಕರಿಗುಡ್ಡೆಗೆ ತಾಗಿಸಿ, "ಗೊತ್ತಾಯ್ತಾ?" ಎಂದು ಕೇಳಿದರು.

"ಏನು?" ಅಂದೆ.

"ಅದೇ ನೋಡಿ ತೊಂದರೆ. ಕಣ್ಣೊಳಗೆ ಹತ್ತಿ ಹಾಕಿದರೂ ನಿಮಗೆ ಗೊತ್ತಾಗ್ತಿಲ್ಲ. ಗೊತ್ತಾಗದ ಕಣ್ಣು ತನ್ನನ್ನ ತಾನು ಕಾಯ್ಕೊಳ್ಳಲ್ಲ."

ಆಮೇಲೆ ಅವರು ನಾನು ದಿನವಿಡೀ ಹಾಕಿಕೊಳ್ಳುವ ಕನ್ನಡಕವನ್ನು ಕೈಗೆತ್ತಿಕೊಂಡರು. ಈಜುವವರ ಕನ್ನಡಕದಂತೆ ಸುತ್ತ ಸ್ಪಂಜಿನ ಅಂಚಿದ್ದು, ಗಾಳಿ ಧೂಳು ಒಳಗೆ ಹೋಗದ ಹಾಗೆ ಕಣ್ಣನ್ನು ಮುಚ್ಚಿಡುವಂಥದು. ಅದರ ಒಳಗನ್ನು ಹತ್ತಿಯಿಂದ ಒರೆಸಿ ಕಪ್ಪು ಕಾಗದದ ಮೇಲೆ ಕೊಡವಿದರು. ಬಿಳಿ ಪುಡಿ ಉದುರಿತು, ಹೆಚ್ಚಲ್ಲ, ಒಂದು ಚಿಟಿಕೆಯ ಕಾಲುಭಾಗ ಇದ್ದೀತು.

"ಕಣ್ಣೊಳಗೂ ಇದೇ ಇದೆ," ಎಂದರು. "ದಿನಾ ಬೀಳ್ತಿದೆ. ಬೇರೆಯವರಾಗಿದ್ದರೆ ಮೊದಲನೇ ದಿನವೇ ಉಜ್ಜಿ ಉಜ್ಜಿ ನೀರು ಸುರಿಸಿರೋರು. ನೀವು ರೆಪ್ಪೆ ಬಡಿಯಲ್ಲ, ನೋವೂ ಕಾಣಲ್ಲ. ಅದು ಅಲ್ಲೇ ಕೂತು ಗೀರ್ತಾ ಇದೆ. ಇದೇನು ಅಂತ ಮನೇಲಿ ಹುಡುಕಿ. ಸಿಗದಿದ್ದರೆ ಹೊಲಿಗೆ."

ಬೀರೂರಿನ ಮೇಲೆ ಅಜ್ಜಂಪುರಕ್ಕೆ ಬರುವಷ್ಟೂ ಹೊತ್ತು ನನ್ನ ಹೆಂಡತಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತು, ಕಾಗದದಲ್ಲಿ ಮಡಚಿಕೊಟ್ಟ ಆ ಪುಡಿಯನ್ನು ನಾಲ್ಕು ಸಲ ಬಿಚ್ಚಿ ನೋಡಿದಳು. ನಾನು ಕಿಟಕಿಯ ಕಡೆಗೆ ಕೂರುವಂತಿರಲಿಲ್ಲ, ಗಾಳಿ ಹೊಡೆಯುತ್ತದೆ ಎಂದು. ನಲವತ್ತು ವರ್ಷ ಕಿಟಕಿಯ ಸೀಟಿಗಾಗಿ ಜನರ ಜೊತೆ ಜಗಳವಾಡಿದವನು ನಾನು. ಈಗ ಸುಮ್ಮನೆ ನಡುವೆ ಕೂತಿದ್ದೆ.

ಎಡಗಿವಿಯ ಹಿಂದೆ, ತಲೆಯೊಳಗೆ, ಒಂದು ಗಡ್ಡೆ ಇತ್ತು. ಕೆಟ್ಟ ಗಡ್ಡೆಯಲ್ಲ ಎಂದು ದೊಡ್ಡ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಹೇಳಿದ್ದರು. ಅದನ್ನು ತೆಗೆದು ಮೂರು ತಿಂಗಳಾಗಿತ್ತು. ತೆಗೆಯುವಾಗ ಮುಖಕ್ಕೆ ಹೋಗುವ ನರಗಳು ಜಗ್ಗಿವೆ, ಕತ್ತರಿಸಿಲ್ಲ, ನಿಧಾನಕ್ಕೆ ಬರುತ್ತವೆ ಎಂದು ಧೈರ್ಯ ಹೇಳಿ ಕಳಿಸಿದರು. ಎಷ್ಟು ನಿಧಾನ ಎಂದು ಯಾರೂ ಹೇಳಲಿಲ್ಲ. ಮುಖದ ಎಡಭಾಗ ಒದ್ದೆ ಬಟ್ಟೆಯ ಹಾಗೆ ಇಳಿದಿತ್ತು. ಕುಡಿದ ನೀರು ಗದ್ದದ ಮೇಲೆ ಹರಿಯುತ್ತಿತ್ತು, ಅನ್ನ ಕೆನ್ನೆಯ ಸಂದಿಯಲ್ಲಿ ಕೂತು ಗಂಟೆಗಟ್ಟಲೆ ಕಾಯುತ್ತಿತ್ತು. ಇವನ್ನೆಲ್ಲ ಸಹಿಸಬಹುದು. ಕಣ್ಣೊಂದೇ ಸಹಿಸುವ ವಿಷಯವಾಗಿರಲಿಲ್ಲ. ರೆಪ್ಪೆ ಮುಚ್ಚುತ್ತಿರಲಿಲ್ಲ. ಹಗಲು ಗಂಟೆಗೊಮ್ಮೆ ಹನಿ ಮದ್ದು, ಮಲಗುವ ಮುಂಚೆ ಬೆಣ್ಣೆಯಂಥ ಮುಲಾಮು, ಅದರ ಮೇಲೆ ಪಟ್ಟಿ. ಬೆಳಿಗ್ಗೆ ಹೆಂಡತಿ ಪಟ್ಟಿ ಕಿತ್ತು, ಆರಿಸಿದ ನೀರಿನಲ್ಲಿ ಕಣ್ಣು ಒರೆಸಿ, ಮದ್ದು ಹಾಕುತ್ತಿದ್ದಳು. ಆಮೇಲೆ ಕನ್ನಡಕ.

ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ಟುಗಳ ಕರಟಿದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೊಡುವ ಕೆಲಸ. ಬುಕ್ಕಾಂಬುಧಿಯ ಕಡೆಯಿಂದ ಈರುಳ್ಳಿ ಕಾಲದಲ್ಲಿ ಬರುವ ಮೋಟರುಗಳಿಗೆ ಅಂಗಡಿಯಲ್ಲಿ ಜಾಗ ಸಾಲದೆ ರಸ್ತೆಗೆ ಇಡುತ್ತಿದ್ದೆ. ಸಣ್ಣ ಮೋಟರುಗಳ ತಂತಿ ಕೂದಲಿನಷ್ಟು ತೆಳುವಿರುತ್ತದೆ. ಅದನ್ನು ಮೋಟರಿನ ಒಳಸುತ್ತಿನ ಸಣ್ಣ ಸಣ್ಣ ಸಂದುಗಳಲ್ಲಿ, ಒಂದರ ಮೇಲೊಂದು ಗೀರದ ಹಾಗೆ ಕೂರಿಸಬೇಕು. ಒಂದು ಕಣ್ಣಿದ್ದರೆ ಸಾಲದೇ ಎಂದು ಕೇಳಿದವರುಂಟು. ಎಡಗಣ್ಣಿಗೆ ಪಟ್ಟಿ ಹಾಕಿಕೊಂಡು ಒಂದು ದಿನ ಪ್ರಯತ್ನಿಸಿದೆ. ಸಂದು ಇಲ್ಲಿದೆ ಎಂದು ಕೈಯಿಟ್ಟರೆ ಅದು ಅರ್ಧ ಇಂಚು ಆಚೆ ಇರುತ್ತಿತ್ತು. ಎರಡು ಕಣ್ಣಿದ್ದರೆ ಮಾತ್ರ ಆಳ ತಿಳಿಯುತ್ತದೆ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಈ ಕಣ್ಣು ಹೋದರೆ ನನ್ನ ಕೈಯೂ ಹೋದಂತೆ ಎಂದು ಆ ದಿನ ಅರ್ಥವಾಯಿತು.

ಜನಕ್ಕೆ ಇದೆಲ್ಲ ಕಾಣುವುದಿಲ್ಲ. ಅವರಿಗೆ ಕಾಣುವುದು ಬೇರೆ. ಬಲಗಣ್ಣು ಸರಿಯಾಗಿತ್ತಲ್ಲ, ಅದು ಎಂದಿನ ಹಾಗೆ ಮಿಟುಕುತ್ತಿತ್ತು. ಎಡಗಣ್ಣು ಬಿಟ್ಟೇ ಇರುತ್ತಿತ್ತು. ಅಂದರೆ ನಾನು ಯಾರನ್ನು ನೋಡಿದರೂ ಅವರಿಗೆ ಕಣ್ಣು ಹೊಡೆದ ಹಾಗೆ. ಒಮ್ಮೆ ಬೇರಿಂಗ್ ತರಲೆಂದು ತರೀಕೆರೆಗೆ ಹೋಗಿದ್ದೆ. ಸೆಕೆಯೆಂದು ಕನ್ನಡಕ ತೆಗೆದು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದಾಗ, ಎದುರಿಗೆ ತೆಂಗಿನಕಾಯಿ ಚೀಲದ ಮೇಲೆ ಕೂತಿದ್ದ ಹೆಂಗಸೊಬ್ಬಳು ಎದ್ದು ಬಂದಳು.

"ಯಾಕ್ರೀ, ವಯಸ್ಸಾದ್ರೂ ಬುದ್ಧಿ ಬರ್ಲಿಲ್ವಾ? ಆಗ್ಲಿಂದ ನೋಡ್ತಾ ಇದೀನಿ. ಹಣೆ ತುಂಬ ವಿಭೂತಿ ಬೇರೆ."

ನಾನು ವಿವರಿಸಲು ಬಾಯಿ ತೆರೆದೆ. ಒಂದೇ ಕಡೆಗೆ ಜಗ್ಗಿದ ಬಾಯಿ, ತೊದಲುವ ಮಾತು, ನಿಂತರೆ ವಾಲುವ ಮೈ. ಆಪರೇಷನ್ ಆದ ಮೇಲೆ ನನಗೆ ನಡಿಗೆಯೂ ನೆಟ್ಟಗಿರಲಿಲ್ಲ. "ಕುಡ್ದೂ ಬಂದಿದಾನೆ," ಎಂದು ಆಕೆ ಸುತ್ತಲಿನವರಿಗೆ ತೀರ್ಪು ಕೊಟ್ಟು ಹೋದಳು. ಈಗ ಹೇಳಿಕೊಂಡರೆ ನಗು ಬರುತ್ತದೆ. ಅಂದು ಬೇರಿಂಗ್ ಕೊಳ್ಳದೆ ಮುಂದಿನ ಬಸ್ಸಿಗೇ ವಾಪಸು ಬಂದೆ.

ಆ ಹೆಂಗಸು ಹೇಳಿದ ಹಣೆ ತುಂಬ ವಿಭೂತಿಯ ವಿಷಯ ಇಲ್ಲಿ ಹೇಳಬೇಕು. ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆತನ. ಒಂಬತ್ತನೇ ವಯಸ್ಸಿಗೆ ನನಗೆ ಲಿಂಗದೀಕ್ಷೆಯಾಯಿತು. ಅಂದಿನಿಂದ ಅಪ್ಪ ಬೆಳಗಾಗುತ್ತಲೇ ಎದುರಿಗೆ ಕೂರಿಸಿಕೊಂಡು, ಎಡಗೈಯಲ್ಲಿ ಇಷ್ಟಲಿಂಗ ಇರಿಸಿ, ರೆಪ್ಪೆ ಬಡಿಯದೆ ಅದನ್ನೇ ನೋಡುವುದನ್ನು ಕಲಿಸುತ್ತಿದ್ದರು. ನನಗೆ ಇಪ್ಪತ್ತು ಎಣಿಸುವಷ್ಟು ಹೊತ್ತೂ ಆಗುತ್ತಿರಲಿಲ್ಲ. "ಲೇ, ಮಿಟುಕಿಸ್ಬಿಟ್ಟೆ ಕಣೋ, ಮೊದ್ಲಿಂದ ನೋಡು," ಎನ್ನುವರು. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು, ನಾನು ಅದರಲ್ಲಿ ಪಾಸಾಗಲೇ ಇಲ್ಲ. ಈಗ ಎಡಗಣ್ಣು ಬೇಡವೆಂದರೂ ಇಡೀ ದಿನ ಮಿಟುಕದೆ ನೋಡುತ್ತಿತ್ತು. ಇದು ಶಿವನ ತಮಾಷೆಯಾಗಿದ್ದರೆ ನನಗೆ ಹಿಡಿಸಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ನಾನು ಪೂಜೆಗೆ ಕೂರುವುದನ್ನೇ ಬಿಟ್ಟಿದ್ದೆ. ಲಿಂಗದ ಕರಡಿಗೆ ಕೊರಳಲ್ಲಿತ್ತು, ಬಿಚ್ಚುತ್ತಿರಲಿಲ್ಲ ಅಷ್ಟೇ.

ಅಮ್ಮ ಮಾತ್ರ ಬಿಟ್ಟಿರಲಿಲ್ಲ. ಅವಳಿಗೆ ಎಂಬತ್ತು ದಾಟಿದೆ, ನಮ್ಮ ಜೊತೆಯಲ್ಲೇ ಇದ್ದಾಳೆ, ಮನೆಯಲ್ಲಿ ನನಗಿಂತ ಗಟ್ಟಿ ಅವಳೇ. ಆಪರೇಷನ್ನಿಗೆ ಒಳಗೆ ಕರೆದೊಯ್ಯುವಾಗ ಕರಡಿಗೆಯನ್ನು ಬಿಚ್ಚಿಸಿದ್ದರು. ಎಂಟು ಗಂಟೆ ಹೊತ್ತು ಅದನ್ನು ಸೆರಗಿನಲ್ಲಿ ಕಟ್ಟಿ ಹಿಡಿದುಕೊಂಡು ಕೂತಿದ್ದವಳು ಅಮ್ಮ. ಹೊರಗೆ ತಂದಾಗ ನನ್ನ ಮುಖ ಕಂಡು ಅಲ್ಲೇ ಒಂದು ಹರಕೆ ಹೊತ್ತಳು. ಮಗನ ಮುಖ ನೆಟ್ಟಗಾಗುವವರೆಗೆ ದಿನಾ ಬೆಳಿಗ್ಗೆ ತನ್ನ ಕೈಯಾರೆ ಅವನ ಹಣೆಗೆ ವಿಭೂತಿ ಹಚ್ಚುತ್ತೇನೆ ಎಂದು. ಮಠದಿಂದ ತಂದ ವಿಭೂತಿಯ ಗಟ್ಟಿಯನ್ನು ಅಂಗೈಯಲ್ಲಿ ನೀರಿನೊಡನೆ ತಿಕ್ಕಿ, ಮೂರು ಬೆರಳನ್ನು ಅದ್ದಿ, ಹಣೆಯ ಬಲತುದಿಯಿಂದ ಎಡತುದಿಗೆ ಎಳೆಯುತ್ತಿದ್ದಳು. ನಾವು ಹಚ್ಚಿಕೊಳ್ಳುವ ಹಾಗೆ ತೆಳ್ಳಗಲ್ಲ. ಗೋಡೆಗೆ ಸುಣ್ಣ ಬಳಿದ ಹಾಗೆ ದಪ್ಪಗೆ, ಹುಬ್ಬಿನವರೆಗೂ. ಬಲಗಡೆ ಅವಳ ಬೆರಳು ತಣ್ಣಗೆ ತಾಗುತ್ತಿತ್ತು. ನಡುಹಣೆ ದಾಟಿದ ಕೂಡಲೇ ಬೆರಳೇ ಇಲ್ಲ. ಕೈಯನ್ನು ತೆಗೆದಳೋ ಎಂದು ಕಣ್ಣೆತ್ತಿ ನೋಡಿದರೆ ಇನ್ನೂ ಎಳೆಯುತ್ತಿರುತ್ತಿದ್ದಳು.

ಕಡೂರಿಗೆ ಹೋಗುವ ದಿನ ಮಾತ್ರ ಇದು ಆಗುತ್ತಿರಲಿಲ್ಲ. ಬೇಗ ಹೊರಡಬೇಕು, ಅಮ್ಮನ ಪೂಜೆ ಆಗ ಮುಗಿದಿರುವುದಿಲ್ಲ. ಬರಿಹಣೆಯಲ್ಲೇ ಹೋಗಿ ಡಾಕ್ಟರ ಮುಂದೆ ಕೂರುತ್ತಿದ್ದೆ.

ಪುಡಿ ಹುಡುಕುವ ಕೆಲಸ ಮರುದಿನವೇ ಶುರುವಾಯಿತು. ಮೊದಲು ಅಂಗಡಿಯ ಮೇಲೆ ಅನುಮಾನ. ಸುಟ್ಟ ತಂತಿ ಕೀಳುವಾಗ ಬೂದಿ ಏಳುತ್ತದೆ, ಆದರೆ ಅದು ಕಪ್ಪು. ಇನ್ಸುಲೇಷನ್ ಕಾಗದದ ಹೊಟ್ಟು ಬಿಳಿಯಿರಬಹುದು ಎನಿಸಿತು. ಅಂಗಡಿಯನ್ನೆಲ್ಲ ನೀರು ಹಾಕಿ ತೊಳೆಸಿ, ಬಾಗಿಲಿಗೆ ಒದ್ದೆ ಗೋಣಿ ಕಟ್ಟಿ, ನಾಲ್ಕು ದಿನ ಯಾವ ಮೋಟರನ್ನೂ ಬಿಚ್ಚಲಿಲ್ಲ. ಮನೆಯಲ್ಲೇ ಕೂತೆ. ಐದನೇ ದಿನ ಕನ್ನಡಕ ತೆಗೆದು ಕಪ್ಪು ಕಾಗದದ ಮೇಲೆ ಕೊಡವಿದರೆ ಬಿಳಿ ಪುಡಿ ಹಾಗೇ ಬಿತ್ತು. ಕನ್ನಡಿಯಲ್ಲಿ ಕಣ್ಣು ಮೊದಲಿಗಿಂತ ಕೆಂಪಾಗಿತ್ತು. ದೀಪ ನೋಡಿದರೆ ಸುತ್ತ ಮಂಜು ಕಾಣುತ್ತಿತ್ತು. ಹತ್ತು ದಿನ ಉಳಿದಿತ್ತು.

ಆಮೇಲೆ ಗೋಡೆಯ ಸುಣ್ಣದ ಮೇಲೆ ಅನುಮಾನ. ನಾನು ಮಲಗುವ ಕೋಣೆಯ ಗೋಡೆಗೆ ಹಳೆಯ ಸೀರೆಗಳನ್ನು ಕಟ್ಟಿಸಿದೆ. ಫ್ಯಾನ್ ಬಿಚ್ಚಿಸಿದೆ. ಏನೂ ಪ್ರಯೋಜನವಾಗಲಿಲ್ಲ. ಎಂಟು ದಿನ ಉಳಿಯಿತು. ಊಟ ಸೇರದಾಯಿತು. ಸೂಜಿಯನ್ನು ರೆಪ್ಪೆಯೊಳಗೆ ಹೇಗೆ ತೂರಿಸುತ್ತಾರೆ ಎಂದು ಯೋಚಿಸುತ್ತ ಕೂರುತ್ತಿದ್ದೆ. ನೋವಾಗುವುದಿಲ್ಲ ಎಂಬುದೇ ಹೆಚ್ಚು ಹೆದರಿಸುತ್ತಿತ್ತು. ನನ್ನ ಮುಖದ ಮೇಲೆ ಯಾರು ಏನು ಮಾಡಿದರೂ ನನ್ನನ್ನು ಕೇಳಬೇಕಾಗಿಲ್ಲ ಎಂದಾಗಿಬಿಟ್ಟಿತ್ತಲ್ಲ.

ಏಳನೇ ದಿನ ಬೆಳಿಗ್ಗೆ ಬಚ್ಚಲಿನಲ್ಲಿ ನನ್ನ ಕನ್ನಡಕವೂ ಬಟ್ಟೆ ಒಗೆಯುವ ಸೋಪಿನ ಪುಡಿಯ ಡಬ್ಬಿಯೂ ಅಕ್ಕಪಕ್ಕದಲ್ಲಿರುವುದನ್ನು ಕಂಡೆ. ತಲೆ ಕೆಟ್ಟುಹೋಯಿತು.

"ಇದ್ರಲ್ಲೇ ತೊಳೀತಿದೀಯಾ ನೀನು?" ಎಂದು ಹೆಂಡತಿಯ ಮೇಲೆ ಎಗರಿದೆ. "ಮೂರು ತಿಂಗಳಿಂದ ನನ್ ಕಣ್ಣಿಗೆ ಸೋಪಿನ ಪುಡಿ ತುಂಬ್ತಿದೀಯಾ? ಕುರುಡ ಆದ್ರೆ ಮನೇಲಿ ಸುಮ್ಮನೆ ಬಿದ್ದಿರ್ತಾನೆ ಅಂತಾನಾ?"

ಅವಳು ಪಾತ್ರೆ ತೊಳೆಯುತ್ತಿದ್ದ ಕೈ ಒರೆಸಿಕೊಂಡಳು. ಮೂರು ತಿಂಗಳು ದಿನಕ್ಕೆ ಹದಿನಾರು ಸಲ ನನ್ನ ಕಣ್ಣಿಗೆ ಹನಿ ಹಾಕಿದವಳು ಅವಳು. ಗಂಟೆ ತಪ್ಪಬಾರದೆಂದು ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡು, ಮದುವೆ ಮನೆಯಲ್ಲೂ ಪಂಕ್ತಿಯಿಂದ ಎದ್ದು ಬಂದವಳು. ಇವೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಬೈದೆ. ಎರಡು ದಿನ ಹನಿ ಹಾಕಲು ಬಂದಾಗಲೂ "ತಲೆ ಎತ್ತಿ" ಎಂಬುದೊಂದನ್ನು ಬಿಟ್ಟು ನನ್ನೊಡನೆ ಮಾತಿಲ್ಲ.

ಮೂರನೇ ದಿನ ಬೆಳಿಗ್ಗೆ ಅವಳು ನನ್ನನ್ನು ಪಡಸಾಲೆಯ ಕಿಟಕಿಯ ಬೆಳಕಿನಲ್ಲಿ ಕುರ್ಚಿ ಹಾಕಿ ಕೂರಿಸಿದಳು. ಕುದಿಸಿ ಆರಿಸಿದ ನೀರಿನ ಬಟ್ಟಲು, ಕನ್ನಡಕ, ಹೊಸ ಬಿಳಿ ಬಟ್ಟೆ ಎದುರಿಗಿಟ್ಟಳು. "ನೋಡ್ಕೊಳ್ರಿ," ಎಂದು ಕನ್ನಡಕವನ್ನು ಬರೀ ನೀರಿನಲ್ಲಿ ತೊಳೆದು, ಸ್ಪಂಜನ್ನು ಹಿಂಡಿ ಹಿಂಡಿ ತೆಗೆದು, ಬಿಸಿಲಿಗೆ ಹಿಡಿದು ಒಣಗಿಸಿ, ಕಪ್ಪು ಕಾಗದದ ಮೇಲೆ ಕೊಡವಿದಳು. ಏನೂ ಬೀಳಲಿಲ್ಲ. ನ್ಯಾಯಾಲಯದಲ್ಲಿ ಸಾಕ್ಷಿ ಒಪ್ಪಿಸುವ ಹಾಗೆ ನನ್ನ ಕೈಗೆ ಕೊಟ್ಟಳು.

ಅಷ್ಟರಲ್ಲಿ ಅಮ್ಮ ಪೂಜೆ ಮುಗಿಸಿ ಬಂದಳು. ದಿನದ ಹಾಗೆ ನನ್ನ ಹಣೆಗೆ ಮೂರು ಬೆರಳಲ್ಲಿ ವಿಭೂತಿ ಎಳೆದು, ಬಾಯಲ್ಲಿ ಮಂತ್ರ ಹೇಳಿಕೊಳ್ಳುತ್ತ ಪಕ್ಕದ ಮಣೆಯ ಮೇಲೆ ಕೂತು ಉಸಿರು ಬಿಟ್ಟಳು. ಕಿಟಕಿಯ ಬಿಸಿಲಿಗೆ ಹಣೆಯ ವಿಭೂತಿ ಒಣಗಿ ಬಿಗಿಯಿತು. ಬಲಗಡೆ ಬಿಗಿದದ್ದು ನನಗೆ ಗೊತ್ತಾಯಿತು. ನಾನು ಕನ್ನಡಕ ಹಾಕಿಕೊಂಡು ಹುಬ್ಬಿನ ಮೇಲೆ ಒತ್ತಿ ಕೂರಿಸಿದೆ.

"ಈಗ ತೆಗೀರಿ," ಎಂದಳು ಹೆಂಡತಿ.

ತೆಗೆದೆ. ಅವಳು ಅದನ್ನು ಕಾಗದದ ಮೇಲೆ ಮೆಲ್ಲಗೆ ತಟ್ಟಿದಳು. ಬಿಳಿ ಪುಡಿ ಬಿತ್ತು. ಕನ್ನಡಕದ ಮೇಲಂಚು ವಿಭೂತಿಯ ಪಟ್ಟೆಯನ್ನು ಉಜ್ಜಿ, ಉದುರಿದ್ದನ್ನು ಒಳಗೇ ಮುಚ್ಚಿಟ್ಟುಕೊಳ್ಳುತ್ತಿತ್ತು. ಹೊರಗಿನ ಧೂಳು ಬರಬಾರದೆಂದು ಕೊಂಡದ್ದು, ಒಳಗಿನ ಬೂದಿಯನ್ನು ದಿನವಿಡೀ ಕಣ್ಣಿನ ಮೇಲೆ ಕಾಪಾಡಿತ್ತು. ಹೆಂಡತಿ ಕಾಗದ ನೋಡಿದಳು, ನನ್ನ ಹಣೆ ನೋಡಿದಳು, ಆಮೇಲೆ ಮಣೆಯ ಮೇಲೆ ಕಣ್ಮುಚ್ಚಿ ಕೂತಿದ್ದ ಅಮ್ಮನನ್ನು ನೋಡಿದಳು. ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು. ತನ್ನ ಮೇಲಿನ ಅಪವಾದ ಹೋಯಿತೆಂದು ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ನನಗೆ ಅವಳ ಮುಖ ನೋಡಲು ನಾಚಿಕೆಯಾಯಿತು.

ಅಮ್ಮನಿಗೆ ಹೇಳುವುದು ಹೇಗೆ? ಹರಕೆ ಹೊತ್ತ ಕೈ. ನಾನು ಹೇಡಿಯ ದಾರಿ ಹಿಡಿದೆ. ಅವಳು ಹಚ್ಚಿದ ಕೂಡಲೇ ಹಿತ್ತಲಿಗೆ ಹೋಗಿ ಒದ್ದೆ ಬಟ್ಟೆಯಿಂದ ಒರೆಸಿಕೊಂಡು ಕನ್ನಡಕ ಹಾಕಿಕೊಳ್ಳುವುದು. ಎರಡು ದಿನ ನಡೆಯಿತು. ಎರಡನೇ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಅಮ್ಮ ನನ್ನ ಹಣೆಯನ್ನೇ ನೋಡಿದಳು.

"ಬೆಳಿಗ್ಗೆ ಹಚ್ಚಿದ್ದು ಎಲ್ಲೋಯ್ತೋ?"

"ಬೆವರಿಗೆ ಹೋಗಿರ್ತದೆ."

"ಬೆವರಿಗೆ ಅಷ್ಟು ನುಣ್ಣಗೆ ಹೋಗಲ್ಲ ಕಣೋ. ಒರೆಸ್ಕೊಂಡಿದೀಯ." ಅವಳು ತಟ್ಟೆ ಸರಿಸಿದಳು. "ಪೂಜೆ ಬಿಟ್ಟೆ, ನಾನೇನೂ ಅನ್ಲಿಲ್ಲ. ನಿಮ್ಮಪ್ಪ ಇದ್ದಿದ್ರೆ ಅಂತಿದ್ರು. ಈಗ ಹಣೆ ಮೇಲಿಂದನೂ ಶಿವನ್ನ ಒರೆಸಿ ಬಿಸಾಕ್ತಿದೀಯ. ಅದಕ್ಕೇ ಕಣ್ಣು ವಾಸಿ ಆಗ್ತಿಲ್ಲ."

ಆ ಕೊನೆಯ ಮಾತೊಂದು ಬೇಡವಾಗಿತ್ತು. ಕಾಗದದ ಪುಡಿ, ಕಳೆದ ದಿನಗಳು, ಮುಂದೆ ಕಾದಿರುವ ಸೂಜಿ ಎಲ್ಲ ಒಟ್ಟಿಗೆ ಬಾಯಿಗೆ ಬಂದವು.

"ನಿನ್ನ ವಿಭೂತಿನೇ ಕಣಮ್ಮ ನನ್ ಕಣ್ಣು ತಿಂತಿರೋದು," ಅಂದೆ. "ದಿನಾ ನೀನೇ ಬೂದಿ ಹಾಕ್ತಿದೀಯ ಕಣ್ಣಿಗೆ. ನೀನೇ."

ತೊದಲು ಮಾತಾದರೂ ಅದರಲ್ಲಿ ಒಂದಕ್ಷರವೂ ಸೋರಲಿಲ್ಲ. ಅಮ್ಮ ನನ್ನನ್ನು ನೋಡುತ್ತ ಕೂತಳು. ಹೆಂಡತಿ ಅಡುಗೆಮನೆಯಿಂದ ಬಂದು, ಡಬ್ಬಿಯಲ್ಲಿ ಎತ್ತಿಟ್ಟಿದ್ದ ಆ ಕಾಗದ ತಂದು ಬಿಚ್ಚಿ ತೋರಿಸಿ, ಕನ್ನಡಕ ಎಲ್ಲಿ ಉಜ್ಜುತ್ತದೆ ಎಂದು ಬೆರಳಿಟ್ಟು ವಿವರಿಸಿದಳು. ಮೆತ್ತಗೆ ಹೇಳಿದಳು, ನಾನು ಹೇಳಬೇಕಾಗಿದ್ದ ಹಾಗೆ. ಅಮ್ಮ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ತಿಕ್ಕಿ ನೋಡಿದಳು. ಗುರುತು ಸಿಕ್ಕಿತು. ಎದ್ದು ತನ್ನ ಕೋಣೆಗೆ ಹೋದಳು. ಸಂಜೆ ಊಟಕ್ಕೆ ಬರಲಿಲ್ಲ. ಬಾಗಿಲಲ್ಲಿ ನಿಂತು ಕರೆದರೆ, "ಹಸಿವಿಲ್ಲ ಹೋಗಪ್ಪಾ," ಎಂದಳು. ನಾನು ಜೀವಮಾನದಲ್ಲಿ ಆಡಿದ ಮಾತುಗಳಲ್ಲಿ ವಾಪಸು ಪಡೆಯಬೇಕು ಅನಿಸಿದ್ದು ಅದೊಂದೇ.

ಮರುದಿನ ಬೆಳಿಗ್ಗೆ ಅವಳು ಬರುವುದಿಲ್ಲ ಎಂದುಕೊಂಡಿದ್ದೆ. ಎಂದಿನ ಹೊತ್ತಿಗೇ ಬಂದಳು. ಎರಡೂ ಕೈಯನ್ನು ಮೊಣಕೈವರೆಗೆ ತೊಳೆದಿದ್ದಳು, ನೀರು ತೊಟ್ಟಿಕ್ಕುತ್ತಿತ್ತು.

"ಅಂಗಿ ಬಿಚ್ಚು," ಎಂದಳು.

ಬಿಚ್ಚಿದೆ. ವಿಭೂತಿಯನ್ನು ನನ್ನ ತೋಳಿಗೂ ಎದೆಗೂ ಮೂರು ಮೂರು ಎಳೆ ಎಳೆದಳು. "ಹಣೆ ಒಂದೇ ಅಲ್ಲ ಅವನ ಜಾಗ. ಮೈಯೆಲ್ಲ ಇದೆ. ಹರಕೆ ಹೊತ್ತೋಳು ನಾನು, ಎಲ್ಲಿಗೆ ಹಚ್ಬೇಕು ಅಂತ ನಾನು ಹೇಳ್ತೀನಿ." ಆಮೇಲೆ ಮತ್ತೆ ಹೋಗಿ ಸೋಪು ಹಾಕಿ ಕೈ ತೊಳೆದು ಬಂದಳು. "ಡಾಕ್ಟ್ರು ಬೆರಳಲ್ಲಿ ರೆಪ್ಪೆ ಮುಚ್ಚಿ ಅಂದಿದಾರಂತೆ, ಇವಳು ಹೇಳಿದ್ಲು. ನೀನು ಮುಚ್ತಿಲ್ವಂತೆ. ಕೂತ್ಕೊ. ಲಿಂಗ ತಗೊ ಕೈಗೆ. ಎಷ್ಟೊತ್ತು ನೋಡ್ತೀಯೋ ನೋಡು, ಈ ಕಣ್ಣು ನಾನು ಮುಚ್ಚಿರ್ತೀನಿ."

ಕರಡಿಗೆ ಬಿಚ್ಚಿ ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡೆ. ಅಮ್ಮ ಪಕ್ಕದಲ್ಲಿ ನಿಂತು ಹೆಬ್ಬೆರಳಿನಿಂದ ನನ್ನ ಎಡರೆಪ್ಪೆಯನ್ನು ಕೆಳಗೆ ಎಳೆದು ಹಿಡಿದಳು. ಎಡಗಡೆ ಕತ್ತಲಾದದ್ದರಿಂದ ಹಿಡಿದಿದ್ದಾಳೆಂದು ತಿಳಿಯಿತೇ ಹೊರತು ಬೆರಳು ತಿಳಿಯಲಿಲ್ಲ.

"ಗೊತ್ತಾಗ್ತದೇನೋ?"

"ಇಲ್ಲಮ್ಮ."

ಹೌದು ಎನ್ನಬಹುದಿತ್ತು. ನಿನ್ನೆ ಆಡಿದ ಮಾತಿಗೆ ಬದಲಾಗಿ ಒಂದು ಸುಳ್ಳು ಕೊಟ್ಟು ಅವಳನ್ನು ಸಮಾಧಾನ ಮಾಡಬಹುದಿತ್ತು. ಆದರೆ ಗೊತ್ತಾಗದ್ದನ್ನು ಗೊತ್ತಾಗುತ್ತದೆ ಎಂದರೆ ಮತ್ತೆ ಈ ಕಣ್ಣೇ ಮೋಸಹೋಗುವುದು. "ಆಗೋವರೆಗೂ ಬತ್ತೀನಿ ಬಿಡು," ಎಂದಳು ಅಮ್ಮ.

ಹದಿನೈದನೇ ದಿನ ಕಡೂರಿಗೆ ಹೋದಾಗ ಅಂಗಿಯೊಳಗೆ ವಿಭೂತಿಯಿತ್ತು, ಹಣೆ ಬರಿದಾಗಿತ್ತು. ಪುಡಿಯ ಕಥೆಯನ್ನು ಹೆಂಡತಿಯೇ ಹೇಳಿದಳು. ಅತ್ತೆಯ ವಿಷಯ ಬಂದಾಗ "ಮನೇಲಿ ಎಲ್ರೂ ಹಚ್ತೀವಲ್ಲ" ಎಂದು ಸೇರಿಸಿಬಿಟ್ಟಳು. ಡಾಕ್ಟರು ಕಣ್ಣಿಗೆ ಹಳದಿ ಮದ್ದು ಬಿಟ್ಟು, ಮಿಷನ್ನಿನ ನೀಲಿ ಬೆಳಕಿನಲ್ಲಿ ಎಷ್ಟು ಹೊತ್ತು ನೋಡಿದರೆಂದರೆ, ಗದ್ದ ಇಟ್ಟ ಕಡೆ ನನ್ನ ಜೊಲ್ಲು ಇಳಿಯಿತು. ಹೆಂಡತಿ ನನ್ನ ಅಂಗಿಯ ತುದಿ ಹಿಡಿದುಕೊಂಡಿದ್ದಳು.

"ಐದೇ ದಿನದಲ್ಲಿ ಗಾಯ ಅರ್ಧ ಮಾಯ್ದಿದೆ," ಎಂದರು ಡಾಕ್ಟರು. "ಹೊಲಿಗೆ ಸದ್ಯಕ್ಕೆ ಬೇಡ." ಅವರು ಮತ್ತೆ ಹತ್ತಿ ಹೊಸೆದು ತಾಗಿಸಿದರು. "ಗೊತ್ತಾಯ್ತಾ?" ಇಲ್ಲ. "ಖುಷಿ ಪಡ್ಬೇಡಿ ಇನ್ನೂ. ಇವತ್ತು ವಿಭೂತಿ, ನಾಳೆ ಇನ್ನೊಂದು. ಕಣ್ಣಿಗೆ ತಾನಾಗಿ ಗೊತ್ತಾಗೋ ಶಕ್ತಿ ಬರ್ಬೇಕು. ಮೂರು ತಿಂಗಳು ಕೊಡ್ತೀನಿ. ಬರದಿದ್ದರೆ ಹೊಲಿಯಲೇಬೇಕು."

ಆ ಮೂರು ತಿಂಗಳನ್ನು ಹೇಗೆ ಕಳೆದೆವು ಎಂದು ಕೇಳಿದರೆ, ಒಂದೊಂದೇ ಬೆಳಿಗ್ಗೆಯಾಗಿ. ಕಣ್ಣು ಒರೆಸುವುದು, ಹನಿ, ತೋಳಿಗೆ ವಿಭೂತಿ, ಅಮ್ಮನ ಹೆಬ್ಬೆರಳು. ನಾನು ಬಲಗಣ್ಣೊಂದರಿಂದ ಲಿಂಗವನ್ನು ನೋಡುತ್ತ ಕೂರುವುದು. ಮೊದಲು ಮೂವತ್ತು ಎಣಿಸುವಷ್ಟು ಹೊತ್ತು, ಆಮೇಲೆ ಅರವತ್ತು. ಅಂಗಡಿಯಲ್ಲಿ ದೊಡ್ಡ ಮೋಟರುಗಳ ದಪ್ಪ ತಂತಿಯ ಕೆಲಸ ಮಾತ್ರ ಮಾಡುತ್ತಿದ್ದೆ. ಬಾಯಿಯ ಮೂಲೆ ಒಂದಿಷ್ಟು ಮೇಲಕ್ಕೆ ಬಂತು, ಪಕಾರ ಮರಳಿ ಬಂತು. ಕಣ್ಣಿನಲ್ಲಿ ಏನೂ ಬರಲಿಲ್ಲ. "ಗೊತ್ತಾಗ್ತದೇನೋ?" "ಇಲ್ಲಮ್ಮ." ದಿನಾ ಅದೇ ಪ್ರಶ್ನೆ, ಅದೇ ಉತ್ತರ. ಆ ಮಧ್ಯಾಹ್ನದ ನಂತರ ನಾನು ಅಮ್ಮನಿಗೆ ಒಂದು ಗಡಸು ಮಾತೂ ಆಡಿರಲಿಲ್ಲ. ಹುಟ್ಟುಗುಣವನ್ನು ಹಲ್ಲುಕಚ್ಚಿ ಹಿಡಿದಿದ್ದೆ. "ಇವ್ನೇನೇ, ಮಠದ ಸ್ವಾಮಿ ಆಗ್ಬಿಟ್ನಾ?" ಎಂದು ಅಮ್ಮ ಹೆಂಡತಿಯನ್ನು ಕೇಳಿದ್ದಳಂತೆ. ಗೇಲಿಯೇ, ಆದರೆ ಅವಳಿಗೆ ಅದು ಸೇರುತ್ತಿರಲಿಲ್ಲ ಎಂದು ನನಗೆ ತಿಳಿಯುತ್ತಿತ್ತು. ಬಯ್ಯದ ಮಗ ಅವಳ ಪಾಲಿಗೆ ಇನ್ನೂ ಕಾಯಿಲೆಯವನೇ.

ಗಡುವಿಗೆ ಒಂಬತ್ತು ದಿನ ಉಳಿದಿತ್ತು. ರಾತ್ರಿಯ ಮುಲಾಮು ಅಂಟಿಕೊಂಡು ರೆಪ್ಪೆ ಜಾರುತ್ತಿತ್ತು. ಅಮ್ಮ ಎರಡು ಸಲ ಹಿಡಿದು ಬಿಟ್ಟು, ಮೂರನೇ ಸಲ ಸ್ವಲ್ಪ ಬಲವಾಗಿಯೇ ಎಳೆದಳು. ನಾನು ಎಪ್ಪತ್ತರವರೆಗೆ ಎಣಿಸಿದ್ದೆ. ಲಿಂಗದಿಂದ ದೃಷ್ಟಿ ತಪ್ಪಿಹೋಯಿತು, ತಲೆಯನ್ನು ಹಿಂದಕ್ಕೆಳೆದುಕೊಂಡೆ.

"ಉಗುರು ತಾಗ್ತು ಕಣಮ್ಮ, ಥೂ. ಕತ್ತರಿಸ್ಕೊಂಡು ಬರೋಕೇನಾಗಿತ್ತು ನಿಂಗೆ?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಎಡಗಣ್ಣಿನಿಂದ ನೀರು ಇಳಿಯುತ್ತಿತ್ತು. ಅದು ಕೆನ್ನೆಯ ಮೇಲೆ ಬಿಸಿಯಾಗಿ ಹರಿಯುತ್ತಿರುವುದು ನನಗೆ ಗೊತ್ತಾಗುತ್ತಿತ್ತು. ಹೆಂಡತಿ ಬಾಗಿಲಿಗೆ ಬಂದು ನಿಂತಳು. ಅಮ್ಮ ನೀಡಿದ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು.

"ಎಲ್ಲಿ ತಾಗ್ತು?" ಎಂದಳು.

"ಅಲ್ಲೇ. ರೆಪ್ಪೆ ಅಂಚಲ್ಲಿ."

"ಇನ್ನೊಂದ್ಸಲ ಬಯ್ಯೋ," ಎಂದಳು ಅಮ್ಮ.

ನನ್ನಿಂದಾಗಲಿಲ್ಲ.